ಒಂದು ಹನಿ ಕಡಲಿನ ಲೆಕ್ಕ

ಕಡಲ ಸೂಕ್ಷ್ಮಜೀವಿಗಳ ವಿಜ್ಞಾನ ಡಿಎನ್‌ಎ ಓದುವ ಯಂತ್ರಗಳ ಜೊತೆಗೇ ಹುಟ್ಟಿತು ಎನ್ನುವ ಧಾಟಿ ಈಚಿನ ಬರಹಗಳಲ್ಲಿ ಹೆಚ್ಚುತ್ತಿದೆ. ನೀರು ಸೋಸಿ, ಡಿಎನ್‌ಎ ತೆಗೆದು, ಜೀವಿಗಳ ಪಟ್ಟಿ ಕೈಗೆ ಬಂದರೆ ಕಡಲು ಅರ್ಥವಾಯಿತೆಂದು ನಂಬಿದ ವಿದ್ಯಾರ್ಥಿಗಳು ಪ್ರತಿವರ್ಷ ನನ್ನಲ್ಲಿಗೆ ಬರುತ್ತಾರೆ. ಪಟ್ಟಿ ಬೇಕೇ ಬೇಕು. ಆದರೆ ಮತದಾರರ ಪಟ್ಟಿ ಓದಿ ಆ ಊರಿನವರು ಎಷ್ಟು ದುಡಿಯುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಹೇಳಲಾದೀತೆ?

ಶುರುವಿನ ಕಾಲದ್ದು ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕೆಲಸ. ಅಮೆರಿಕದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ಕ್ಲಾಡ್ ಜೋಬೆಲ್ 1946ರಲ್ಲಿ ಬರೆದ ಪುಸ್ತಕ ಈ ಶಾಸ್ತ್ರಕ್ಕೊಂದು ನೆಲೆ ಕೊಟ್ಟಿತು. ಆದರೆ ತಟ್ಟೆಯಲ್ಲಿ ಬೆಳೆಯುತ್ತಿದ್ದವು ಬೆರಳೆಣಿಕೆಯಷ್ಟು. ಹಾಗಾಗಿ ಕಡಲ ಆಹಾರ ಸರಪಳಿಯ ಚಿತ್ರದಲ್ಲಿ ಬ್ಯಾಕ್ಟೀರಿಯಾಗಳಿಗೆ ಜಾಗ ಸಿಗಲಿಲ್ಲ. 1974ರಲ್ಲಿ ಲಾರೆನ್ಸ್ ಪೊಮೆರಾಯ್ ಆ ಚಿತ್ರವೇ ತಪ್ಪಿರಬಹುದೆಂದು ಬರೆದರು. ಒಪ್ಪಿದವರು ಕಡಿಮೆ.

ಒಪ್ಪುವಂತೆ ಮಾಡಿದ್ದು ಒಂದು ಸೋಸುಹಾಳೆ. 1977ರಲ್ಲಿ ಜಾನ್ ಹಾಬಿ ಮತ್ತು ಜೊತೆಗಾರರು ರೂಢಿಗೆ ತಂದ ವಿಧಾನವನ್ನು ನಮ್ಮ ತಲೆಮಾರಿನವರು ಕಣ್ಣು ಉರಿಯುವ ತನಕ ಮಾಡಿದ್ದೇವೆ. 0.2 ಮೈಕ್ರಾನ್ ರಂಧ್ರದ ಹಾಳೆಗೆ ಮೊದಲು ಕಪ್ಪು ಬಣ್ಣ ಹಾಕಬೇಕು. ಅಕ್ರಿಡಿನ್ ಆರೆಂಜ್ ಬೆರೆಸಿದ ನೀರನ್ನು ಅದರ ಮೇಲೆ ಸೋಸಿ, ಎಣ್ಣೆಯ ಹನಿಯಿಟ್ಟು, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಬೇಕು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕಿಗಳು ಬೆಳಗುತ್ತವೆ. ಎಣಿಸಿದರೆ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ!

ಅವು ಬದುಕಿ ದುಡಿಯುತ್ತಿವೆಯೋ, ಸುಮ್ಮನೆ ಬಿದ್ದಿವೆಯೋ? ಈ ಪ್ರಶ್ನೆ ಹಿಡಿದವರು ಫಾರೂಕ್ ಅಜಂ. ಲಾಹೋರಿನಲ್ಲಿ ರಸಾಯನಶಾಸ್ತ್ರ ಓದಿ, ಪ್ರಾಗ್‌ನಲ್ಲಿ ಡಾಕ್ಟರೇಟ್ ಮುಗಿಸಿ ಸ್ಕ್ರಿಪ್ಸ್ ಸೇರಿದವರು. ಅವರ ಇಡೀ ವೃತ್ತಿಜೀವನ ಈ ಪ್ರಶ್ನೆಯ ಸುತ್ತಲೇ ನಡೆಯಿತು ಎಂದರೂ ಸಲ್ಲುತ್ತದೆ. ಜೆಡ್ ಫರ್ಮನ್ ಜೊತೆ 1980ರ ಸುಮಾರಿಗೆ ಅವರು ರೂಪಿಸಿದ ಉಪಾಯ ಸರಳ. ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ ಕಟ್ಟಬೇಕು, ಅದಕ್ಕೆ ಥೈಮಿಡಿನ್ ಬೇಕು. ವಿಕಿರಣದ ಗುರುತಿರುವ ಥೈಮಿಡಿನ್ ಕೊಟ್ಟು, ಎಷ್ಟು ಒಳಸೇರಿತೆಂದು ಅಳೆದರೆ ಬೆಳವಣಿಗೆಯ ವೇಗ ಸಿಗುತ್ತದೆ. 1983ರಲ್ಲಿ ಅಜಂ ಮತ್ತು ಐವರು ಸಂಗಾತಿಗಳು ಇದೆಲ್ಲವನ್ನೂ 'ಮೈಕ್ರೋಬಿಯಲ್ ಲೂಪ್' ಎಂಬ ಹೆಸರಿನಡಿ ಒಂದುಗೂಡಿಸಿದರು: ಸಸ್ಯಪ್ಲವಕದಿಂದ ಸೋರಿ ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನು ಬ್ಯಾಕ್ಟೀರಿಯಾ ಉಣ್ಣುತ್ತವೆ, ಅವುಗಳನ್ನು ಕಶಾಂಗಜೀವಿಗಳು ತಿನ್ನುತ್ತವೆ, ಹೀಗೆ ಕಳೆದುಹೋಯಿತೆಂದುಕೊಂಡಿದ್ದ ಆಹಾರ ಮತ್ತೆ ಸರಪಳಿಗೆ ಮರಳುತ್ತದೆ. ನನ್ನ ಮಟ್ಟಿಗೆ ಈ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಬಂಧ ಇನ್ನೊಂದಿಲ್ಲ.

ಆಮೇಲಿನದು ಓಟ. 1988ರಲ್ಲಿ ಸ್ಯಾಲಿ ಚಿಶೋಮ್ ತಂಡ ಗುರುತಿಸಿದ ಅತಿಸಣ್ಣ ಸಸ್ಯಪ್ಲವಕ ಪ್ರೊಕ್ಲೋರೊಕಾಕಸ್, ಮರುವರ್ಷ ವೈರಸ್‌ಗಳ ಎಣಿಕೆ, 1990ರಲ್ಲಿ ಜೀನ್ ಮೂಲಕ ಸಿಕ್ಕ ಬ್ಯಾಕ್ಟೀರಿಯಾ ಗುಂಪು ಎಸ್‌ಎಆರ್11. ಈ ಕೊನೆಯದು ಜೀನ್ ಶಾಲೆಯ ನಿಜವಾದ ಗೆಲುವು. ಆದರೂ 2002ರಲ್ಲಿ ಅದನ್ನು ಸೀಸೆಯಲ್ಲಿ ಬೆಳೆಸಿದ ಮೇಲೆಯೇ ಅದರ ಬದುಕಿನ ರೀತಿ ಹತ್ತಿರದಿಂದ ಕಂಡದ್ದು.

ನಮ್ಮ ಅರಬ್ಬಿ ಸಮುದ್ರಕ್ಕೆ ಈ ಕಥೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಮುಂಗಾರು ಮುಗಿದು ಸಸ್ಯಪ್ಲವಕ ಇಳಿದಾಗಲೂ ಪ್ರಾಣಿಪ್ಲವಕ ಇಳಿಯದಿರುವುದು ಬಹುಕಾಲದ ಒಗಟು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಮಧುಪ್ರತಾಪ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಅದಕ್ಕೆ ಮೈಕ್ರೋಬಿಯಲ್ ಲೂಪ್‌ನಿಂದಲೇ ಉತ್ತರ ಹುಡುಕಿದರು. ಅದೇ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು, ಪಶ್ಚಿಮ ಕರಾವಳಿಯಂಚಿನಲ್ಲಿ ಮುಂಗಾರಿನ ಕೊನೆಗೆ ಆಮ್ಲಜನಕ ಬತ್ತಿದಾಗ ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರಸ್ ಆಕ್ಸೈಡ್ ಹೇಗೆ ಏರುತ್ತದೆಂದು 2000ದಲ್ಲಿ ತೋರಿಸಿದರು. ಎರಡೂ ಅಳತೆಯಿಂದ ಹುಟ್ಟಿದ ಜ್ಞಾನ.

ಅಂಥ ಅಳತೆಗೆಂದೇ ಹವಾಯಿ ಮತ್ತು ಬರ್ಮುಡಾ ಬಳಿ 1988ರಿಂದ ಹೆಚ್ಚುಕಡಿಮೆ ಪ್ರತಿ ತಿಂಗಳೂ ಒಂದೇ ಜಾಗದ ನೀರು ತೆಗೆಯುತ್ತಿದ್ದಾರೆ. ನಮ್ಮ ನೆರೆಯ ಗೋವಾದ ಕಾಂದೋಳಿಯಲ್ಲಿ 1997ರಿಂದ ಅಂಥದೊಂದು ಸರಣಿಯಿದೆ. ನನ್ನ ಕ್ಷೇತ್ರಪುಸ್ತಕಗಳಲ್ಲಿ ಮಾತ್ರ ಜೂನ್, ಜುಲೈ ಪುಟಗಳು ಖಾಲಿ. ಅಬ್ಬರದ ಕಡಲಿಗೆ ಸಣ್ಣ ದೋಣಿ ಇಳಿಯಲಿಲ್ಲ. ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುವುದು, ಬೂತಾಯಿ ಮೀನಿನ ಮೇವು ಸಿದ್ಧವಾಗುವುದು ಆ ತಿಂಗಳುಗಳಲ್ಲೇ. ಡಿಎನ್‌ಎ ಯಂತ್ರಕ್ಕೆ ಹಣ ಕೇಳುವ ಅರ್ಜಿಯ ಜೊತೆಗೆ, ನೇತ್ರಾವತಿ ಅಳಿವೆಯಾಚೆ ಮಳೆಗಾಲದಲ್ಲೂ ನಿಲ್ಲಬಲ್ಲ ಒಂದು ಹಡಗಿಗೂ ಅರ್ಜಿ ಹೋಗಬೇಕು.