ಹೆಸರಿಲ್ಲದೆ ಬಂದ ಹಾಡು

ಬೀ ಜೀಸ್ ಅಂದ್ರೆ ನಮಗೆಲ್ಲ ನೆನಪಾಗೋದು ಬಿಳಿ ಸೂಟು, ಡಿಸ್ಕೋ, ಕೀರಲು ದನಿ. ಅದಕ್ಕೂ ಮುಂಚೆ ಅವರ ಕತೆ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. 1971ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದ ಗಿಬ್ ಸಹೋದರರು ಬ್ಯಾರಿ, ರಾಬಿನ್, ಮೌರೀಸ್ 1974ರಲ್ಲಿ ಉತ್ತರ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ, ಜನ ಊಟ ಮಾಡ್ತಾ ಕೂತಿರೋ ಕ್ಲಬ್ಬಿನಲ್ಲಿ ಹಾಡ್ತಿದ್ರು. ರೆಕಾರ್ಡ್ ಮಾಡಿದ್ದ ಇಡೀ ಒಂದು ಆಲ್ಬಮ್ಮನ್ನು ಕಂಪನಿ ಬೇಡ ಅಂತ ಪಕ್ಕಕ್ಕಿಟ್ಟಿತ್ತು.

ಎರಿಕ್ ಕ್ಲಾಪ್ಟನ್ ಸಲಹೆ ಕೇಳಿ 1975ರ ಶುರುವಿನಲ್ಲಿ ಮಯಾಮಿಗೆ ಬಂದರು. ಅವನು ಹಿಂದಿನ ವರ್ಷ ತಂಗಿದ್ದ ಮನೆಯಲ್ಲೇ ಬಿಡಾರ. ಕ್ರೈಟೀರಿಯಾ ಸ್ಟುಡಿಯೋಗೆ ಹೋಗಿಬರೋ ದಾರಿಯಲ್ಲಿ ಬಿಸ್ಕೇನ್ ಕೊಲ್ಲಿಯ ಮೇಲೊಂದು ಉದ್ದನೆಯ ಸೇತುವೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತಲ್ಲ, ಅದಕ್ಕೆ ಇಂಥ ಸೇತುವೆಗಳಲ್ಲಿ ಸಮ ದೂರಕ್ಕೊಂದು ಸಂದು ಬಿಟ್ಟಿರ್ತಾರೆ. ಕಾರಿನ ವೇಗ ಒಂದೇ ಸಮ ಇದ್ದರೆ ಚಕ್ರ ತಾಳ ಹಾಕುತ್ತೆ: ಟಕಟಕ, ಟಕಟಕ. ದಿನಾ ಕೇಳ್ತಿದ್ದರೂ ಹಾಡುಗಾರರಿಗೆ ಅದು ಗೊತ್ತೇ ಆಗಿರಲಿಲ್ಲ. ಗಮನಿಸಿದ್ದು ಬ್ಯಾರಿಯ ಹೆಂಡತಿ ಲಿಂಡಾ. ಬೆಳಗಿಂದ ಸಂಜೆವರೆಗೆ ಡೇಟಾದಲ್ಲಿ ಪ್ಯಾಟರ್ನ್ ಹುಡುಕೋ ನನಗೆ ಇದನ್ನ ಓದಿ ಸ್ವಲ್ಪ ನಾಚಿಕೆಯೇ ಆಯ್ತು.

ಹಾಡಿಗೆ ಮೊದಲು ಇಟ್ಟ ಹೆಸರು 'ಡ್ರೈವ್ ಟಾಕಿಂಗ್'. ಆಮೇಲೆ ಅದು 'ಜೈವ್ ಟಾಕಿನ್' ಆಯ್ತು. ಜೈವ್ ಅಂದ್ರೆ ಒಂದು ಕುಣಿತ ಅಂದ್ಕೊಂಡೇ ಸಾಹಿತ್ಯ ಬರೆದಿದ್ರು. ಅಮೆರಿಕದ ಕಪ್ಪು ಜನರ ಆಡುಮಾತಲ್ಲಿ ಅದರ ಅರ್ಥವೇ ಬೇರೆ ಅಂತ ನಿರ್ಮಾಪಕ ಆರಿಫ್ ಮಾರ್ಡಿನ್ ಬಿಡಿಸಿ ಹೇಳಿದ್ರು. ನಮ್ಮ ಬೆಂಗಳೂರು ಕನ್ನಡದ 'ಪುಂಗೋದು' ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಸಾಲುಗಳನ್ನ ತಿದ್ದಿದ್ರು. ಇಂಗ್ಲಿಷೇ ಮನೆಮಾತಾದವರಿಗೆ ಅಮೆರಿಕದ ಇಂಗ್ಲಿಷ್ ಹೇಳಿಕೊಟ್ಟ ಈ ಮಾರ್ಡಿನ್ ಹುಟ್ಟಿದ್ದು ಇಸ್ತಾಂಬುಲ್‌ನಲ್ಲಿ! 1958ರಲ್ಲಿ ಸಂಗೀತ ಕಲಿಯೋಕೆ ಬಾಸ್ಟನ್‌ಗೆ ಬಂದವರು. ಅದೇ ವರ್ಷ ಗಿಬ್ ಕುಟುಂಬ ಇಂಗ್ಲೆಂಡ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿತ್ತು. ಬಂದ ಹೊಸತರಲ್ಲಿ ಆಫೀಸಲ್ಲಿ 'ನಾನು ಬೆಂಗಳೂರಲ್ಲಿ ಪಾಸ್ ಔಟ್ ಆದೆ' ಅಂದಾಗ ಎದುರಿಗಿದ್ದವರು ಗಾಬರಿಯಾಗಿ 'ಈಗ ಹುಷಾರಾಗಿದ್ದೀಯಾ' ಅಂತ ಕೇಳಿದ್ದು ನೆನಪಾಯ್ತು.

ಹಾಡೇನೋ ಚೆನ್ನಾಗಿ ಬಂತು. ಬ್ಲೂ ವೀವರ್ ಸಿಂಥಸೈಜರಿನಲ್ಲಿ ನುಡಿಸಿದ ಬೇಸ್ ಇವತ್ತಿಗೂ ಎದೆಗೆ ಬಡಿಯುತ್ತೆ. ಆದ್ರೆ ಬೀ ಜೀಸ್ ಹೆಸರು ಕಂಡರೆ ರೇಡಿಯೋದವರು ಕೇಳದೇ ಪಕ್ಕಕ್ಕಿಟ್ಟುಬಿಡ್ತಾರೆ ಅನ್ನೋ ಭಯ. ಅದಕ್ಕೆ ಹಾಡಿದವರು ಯಾರು ಅಂತ ಎಲ್ಲೂ ಬರೆಯದೆ ಸ್ಟೇಷನ್‌ಗಳಿಗೆ ಪ್ರತಿ ಕಳಿಸಿದ್ರು. ಕೆಲಸ ಸಿಗಲಿ ಅಂತ ರೆಸ್ಯೂಮೆಯಲ್ಲಿ ಉದ್ದ ಹೆಸರನ್ನ ಮೊಟಕು ಮಾಡಿದ ನಮ್ಮಂಥವರಿಗೆ ಈ ಉಪಾಯ ಹೊಸದಲ್ಲ. ಆದ್ರೆ ನಮ್ಮ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರದು ಎಲ್ಲರಿಗೂ ಗೊತ್ತಿದ್ದು ಹಳಸಿಹೋಗಿತ್ತು. ಎರಡರಲ್ಲಿ ಯಾವುದು ಕಷ್ಟ ಅಂದ್ರೆ, ನನಗೆ ಅವರದೇ ಅನಿಸುತ್ತೆ.

1975ರ ಆಗಸ್ಟ್‌ನಲ್ಲಿ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯ್ತು. 1977ರ 'ಸ್ಯಾಟರ್ಡೇ ನೈಟ್ ಫೀವರ್' ಆಲ್ಬಮ್ಮಿನಲ್ಲೂ ಇದೆ. ಸಿನಿಮಾದಲ್ಲಿ ಮಾತ್ರ ಹುಡುಕಬೇಡಿ, ಅದಿದ್ದ ದೃಶ್ಯ ಎಡಿಟಿಂಗ್‌ನಲ್ಲಿ ಹೋಯ್ತು.