ಪದ ಪರಿಚಯ: ನರ

ನರ – ಕೊಳ್ಳೇಗಾಲ, ಹನೂರು, ಯಳಂದೂರಿನ ಆಸ್ಪತ್ರೆಗಳಲ್ಲಿ ಸದಾ ಕಿವಿಗೆ ಬೀಳುವ ಪದ. ಡ್ರಿಪ್ ಹಾಕುವಾಗ ‘ನರ ಸಿಕ್ತಿಲ್ಲ’ ಅಂದರೆ ರಕ್ತನಾಳ. ಹೊರೆ ಹೊತ್ತವರು ‘ಹೆಗಲಲ್ಲಿ ನರ ಹಿಡ್ಕಬುಟ್ಟದ ಕಣಕ್ಕ’ ಅಂದರೆ ಬಹುಪಾಲು ಸ್ನಾಯುಸೆಳೆತ. ವೈದ್ಯರ ನರ ಎರಡೂ ಅಲ್ಲ. ಮಿದುಳಿನ ಅಪ್ಪಣೆ ಒಯ್ದು ಸ್ಪರ್ಶದ ಸುದ್ದಿ ತರುವ ತಂತು.

ಪದ ಅಚ್ಚ ದ್ರಾವಿಡ. ತೆಲುಗಿನಲ್ಲಿ ನರಮು, ಮಲಯಾಳದಲ್ಲಿ ಞರಂಬು, ತಮಿಳಿನಲ್ಲಿ ನರಂಬು. ಹಳೆಯ ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬೇ. 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಸೀಮೆಗೆ ಆ ರೂಪ ಅಪರಿಚಿತವೇನಲ್ಲ. ಮನುಷ್ಯನೆಂಬ ಅರ್ಥದ ಸಂಸ್ಕೃತ ‘ನರ’ನಿಗೂ ಇದಕ್ಕೂ ನಂಟಿಲ್ಲ.

ರಕ್ತನಾಳವನ್ನೂ ಸ್ನಾಯುಸೆಳೆತವನ್ನೂ ನರವೆನ್ನುವ ಮಾತಿನ ಈ ಸಡಿಲತೆ ಮನೆಯಲ್ಲಿ ನಡೆದೀತು, ಆಪರೇಷನ್ ಕೋಣೆಯಲ್ಲಿ ನಡೆಯದು. ಭುಜವನ್ನೇ ನೋಡಿ: ಕತ್ತಿನಿಂದ ಹೊರಟ ಐದು ನರಬೇರುಗಳು ಹೆಣೆದುಕೊಂಡು ಕಂಕುಳಿಗೆ ಇಳಿಯುತ್ತವೆ. ಆ ಹೆಣಿಗೆಯದೊಂದು ಕವಲು, ಆಕ್ಸಿಲರಿ ನರ, ತೋಳಮೂಳೆಯ ಕತ್ತನ್ನು ಹಿಂದಿನಿಂದ ಬಳಸಿ, ಭುಜದ ತುದಿಗಿಂತ ಸುಮಾರು 5–7 ಸೆಂ.ಮೀ. ಕೆಳಗೆ ಡೆಲ್ಟಾಯಿಡ್ ಸ್ನಾಯುವಿನಡಿ ಹಾಯುತ್ತದೆ. ಅದು ಕತ್ತರಿಗೆ ಸಿಕ್ಕರೆ ತೋಳೆತ್ತುವುದೇ ಕಷ್ಟ. ಭುಜದ ಕೀಲು ತಪ್ಪಿ ಬಂದವರ ತೋಳಿನ ಹೊರಬದಿಯನ್ನು ವೈದ್ಯರು ಮೊದಲು ಮುಟ್ಟಿ ‘ಗೊತ್ತಾಗ್ತದಾ?’ ಎನ್ನುವುದು ಈ ನರ ನೆಟ್ಟಗಿದೆಯೇ ಎಂದು ನೋಡಲಿಕ್ಕೇ.