ಆಸ್ಟ್ರೇಲಿಯದ ಮೂಲನಿವಾಸಿ ಚಿತ್ರಕಲೆ ಮತ್ತು ಭೂಸಂಬಂಧ

ಆಸ್ಟ್ರೇಲಿಯದ ಮೂಲನಿವಾಸಿಗಳ ಚಿತ್ರಕಲೆಯು ಬಂಡೆ, ಮರದ ತೊಗಟೆ, ಮರಳು, ಮಾನವದೇಹ ಮತ್ತು ಈಚಿನ ದಶಕಗಳಲ್ಲಿ ಕ್ಯಾನ್ವಾಸಿನ ಮೇಲೆ ಬೆಳೆದುಬಂದ, ಜಗತ್ತಿನ ಅತಿ ದೀರ್ಘಕಾಲದ ಕಲಾಪರಂಪರೆಗಳಲ್ಲಿ ಒಂದು. ಕಿಂಬರ್ಲಿ ಪ್ರದೇಶದ ಬಂಡೆಯೊಂದರ ಮೇಲಿರುವ ಕಾಂಗರೂ ಚಿತ್ರಕ್ಕೆ ಅಂಟಿಕೊಂಡಿದ್ದ ಕಣಜದ ಗೂಡುಗಳ ಮಣ್ಣನ್ನು ಪರೀಕ್ಷಿಸಿದ ಸಂಶೋಧಕರು ಅದು ಸುಮಾರು 17,300 ವರ್ಷಗಳಷ್ಟು ಹಳೆಯದೆಂದು 2021ರಲ್ಲಿ ಪ್ರಕಟಿಸಿದರು. ಆದರೆ ಈ ಕಲೆಯ ಮಹತ್ವವಿರುವುದು ಪ್ರಾಚೀನತೆಯಲ್ಲಿ ಮಾತ್ರವಲ್ಲ. ಆದಿಪೂರ್ವಿಕರು ಸಂಚರಿಸಿ ಬೆಟ್ಟ, ಹೊಳೆ, ನೀರುಗುಂಡಿಗಳನ್ನು ರೂಪಿಸಿದರೆಂಬ ನಂಬಿಕೆಯನ್ನೂ ಆ ಸ್ಥಳಗಳನ್ನು ಕಾಪಾಡುವ ಹೊಣೆಯನ್ನೂ ಒಟ್ಟಾಗಿ ಹೊತ್ತ ಚಿತ್ರವಿನ್ಯಾಸಗಳು ಆಯಾ ಕುಲದ ಸ್ವತ್ತಾಗಿದ್ದು, ಯಾರು ಯಾವುದನ್ನು ಬರೆಯಬಹುದೆಂಬುದನ್ನು ಹುಟ್ಟು ಮತ್ತು ದೀಕ್ಷೆಗಳು ನಿರ್ಧರಿಸುತ್ತವೆ. ಹೀಗಾಗಿ ಚಿತ್ರ ಬರೆಯುವುದೆಂದರೆ ನೆಲದ ಮೇಲಿನ ಹಕ್ಕನ್ನು ಸಾರುವುದೂ ಹೌದು.

ಉತ್ತರದ ಆರ್ನ್‌ಹೆಮ್ ಲ್ಯಾಂಡಿನ ತೊಗಟೆಚಿತ್ರಗಳಲ್ಲಿ ನೆಲದ ನಂಟು ಸಾಮಗ್ರಿಯಿಂದಲೇ ಆರಂಭವಾಗುತ್ತದೆ. ಮಳೆಗಾಲದಲ್ಲಿ ರಸವೇರಿ ತೊಗಟೆ ಸುಲಭವಾಗಿ ಬಿಡುವಾಗ ನೀಲಗಿರಿ ಜಾತಿಯ ಮರದಿಂದ ಅದನ್ನು ಸುಲಿದು, ಹೊರಗಿನ ನಾರನ್ನು ಹೆರೆದು, ಬೆಂಕಿಯ ಮೇಲೆ ಕಾಯಿಸಿ, ಭಾರ ಹೇರಿ ಚಪ್ಪಟೆ ಮಾಡುತ್ತಾರೆ. ಕೆಂಪು ಮತ್ತು ಹಳದಿ ಕಾವಿಮಣ್ಣು, ಬಿಳಿ ಜೇಡಿ, ಇದ್ದಿಲುಗಳನ್ನು ಅರೆದು ಬಣ್ಣ ಮಾಡಿ, ಮನುಷ್ಯರ ಕೂದಲಿನ ಕೆಲವೇ ಎಳೆಗಳನ್ನು ಕಟ್ಟಿದ ಕುಂಚದಿಂದ ಒಂದರ ಪಕ್ಕ ಒಂದರಂತೆ ನವಿರಾದ ಅಡ್ಡಗೆರೆಗಳನ್ನು ಎಳೆಯುತ್ತಾರೆ. ಈ ಗೆರೆಗಳ ಹೆಣಿಗೆಯಿಂದ ಹೊಮ್ಮುವ ಮಿನುಗನ್ನು ಅಲ್ಲಿನ ಯೋಲ್ಙು ಜನರು ಪೂರ್ವಿಕರ ಶಕ್ತಿಯ ಕುರುಹೆಂದು ಭಾವಿಸುತ್ತಾರೆ.

ಯೋಲ್ಙುಗಳು ಈ ಕಲೆಯನ್ನು ನೇರವಾಗಿ ಸಂಸತ್ತಿನ ಮುಂದಿಟ್ಟದ್ದು 1963ರಲ್ಲಿ. ಬಾಕ್ಸೈಟ್ ಗಣಿಗಾರಿಕೆಗಾಗಿ ಸರ್ಕಾರವು ಗೋವ್ ಪರ್ಯಾಯದ್ವೀಪದಲ್ಲಿ 300 ಚದರ ಕಿಲೋಮೀಟರಿಗೂ ಹೆಚ್ಚಿನ ನೆಲವನ್ನು ಮೂಲನಿವಾಸಿಗಳಿಗೆ ಮೀಸಲಾಗಿದ್ದ ಪ್ರದೇಶದಿಂದ ಅವರನ್ನು ಕೇಳದೆಯೇ ಬೇರ್ಪಡಿಸಿದಾಗ, ಅಲ್ಲಿನ ಯಿರ್ಕಲ ನೆಲೆಯ ಹಿರಿಯರು ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೆರಳಚ್ಚು ಮಾಡಿದ ಮನವಿಯನ್ನು ತೊಗಟೆಯ ಮೇಲೆ ಅಂಟಿಸಿ, ಸುತ್ತಲೂ ಕುಲವಿನ್ಯಾಸಗಳ ಅಂಚನ್ನು ಬರೆದು ಕ್ಯಾನ್‌ಬೆರಾಕ್ಕೆ ಕಳುಹಿಸಿದರು. ಓದಬಲ್ಲವರಿಗೆ ಆ ಅಂಚೇ ನಡುವಿನ ಬರಹದಷ್ಟು ಗಟ್ಟಿಯಾದ ದಸ್ತಾವೇಜಾಗಿತ್ತು. ಸಂಸದೀಯ ಸಮಿತಿಯು ಪರಿಹಾರಕ್ಕೂ ಪವಿತ್ರಸ್ಥಳಗಳ ರಕ್ಷಣೆಗೂ ಶಿಫಾರಸು ಮಾಡಿತಾದರೂ ಗಣಿಗಾರಿಕೆ ನಿಲ್ಲಲಿಲ್ಲ. ಯೋಲ್ಙುಗಳು ನ್ಯಾಯಾಲಯದ ಮೊರೆಹೋದಾಗ, 1971ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರು ಯೋಲ್ಙುಗಳಿಗೆ ಸುವ್ಯವಸ್ಥಿತವಾದ ಕಾನೂನೊಂದಿದೆ ಎಂದು ಒಪ್ಪಿಕೊಂಡೂ, ದೇಶದ ಕಾನೂನಿನ ದೃಷ್ಟಿಯಲ್ಲಿ ಅದರಿಂದ ಭೂಸ್ವಾಮ್ಯ ಲಭಿಸದೆಂದು ತೀರ್ಪಿತ್ತರು. ಈ ಅನ್ಯಾಯದ ವಿರುದ್ಧ ಎದ್ದ ಹೋರಾಟದ ಫಲವಾಗಿ 1976ರಲ್ಲಿ ಉತ್ತರ ಪ್ರಾಂತದ ಮೂಲನಿವಾಸಿ ಭೂಹಕ್ಕು ಕಾಯಿದೆ ಬಂದಿತು.

ಮಧ್ಯ ಆಸ್ಟ್ರೇಲಿಯದಲ್ಲಿ ಆಲ್ಬರ್ಟ್ ನಮತ್‌ಜಿರ (1902–1959) ತನ್ನ ಜನರ ನೆಲವನ್ನೇ ಜಲವರ್ಣದಲ್ಲಿ ಚಿತ್ರಿಸಿ ಖ್ಯಾತನಾದನು. ಅವನ ಕೃತಿಗಳನ್ನು ಯೂರೋಪಿನ ಅನುಕರಣೆಯೆಂದು ವಿಮರ್ಶಕರು ಬಹುಕಾಲ ಕಡೆಗಣಿಸಿದ್ದು ದುರದೃಷ್ಟಕರ. ಮುಂದೆ 1971ರಲ್ಲಿ ಪಪುನ್ಯ ವಸಾಹತಿನ ಶಾಲೆಯ ಗೋಡೆಯ ಮೇಲೆ, ಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ, ಹಿರಿಯರು ಜೇನಿರುವೆಯ ಪುರಾಣವನ್ನು ಚಿತ್ರಿಸಿದರು. ಮರುವರ್ಷ ಅವರದೇ ಒಡೆತನದ ‘ಪಪುನ್ಯ ತುಲ’ ಸಂಸ್ಥೆ ಸ್ಥಾಪನೆಯಾಯಿತು. ಮರಳಿನ ಮೇಲೆ ಬರೆದು ಅಳಿಸಿಬಿಡುತ್ತಿದ್ದ ವೃತ್ತಗಳೂ ಹೆಜ್ಜೆಗುರುತುಗಳೂ ಹಲಗೆಗೆ ಬಂದು ಸ್ಥಿರವಾದಾಗ, ದೀಕ್ಷೆ ಪಡೆಯದವರು ಕಾಣಬಾರದ ಸಂಗತಿಗಳು ಬಯಲಾದವೆಂಬ ಆಕ್ಷೇಪ ನೆರೆಯ ಸಮುದಾಯಗಳಿಂದ ಕೇಳಿಬಂದಿತು. ಕಲಾವಿದರು ಅಂಥ ಅಂಶಗಳನ್ನು ಕೈಬಿಟ್ಟರು, ಇಲ್ಲವೇ ಚುಕ್ಕೆಗಳ ಹೊದಿಕೆಯಲ್ಲಿ ಮರೆಸಿದರು. ಇಂದು ಅಲಂಕಾರವೆಂದು ಮೆಚ್ಚಲಾಗುವ ಚುಕ್ಕೆಗಳಲ್ಲಿ ಜ್ಞಾನವನ್ನು ಕಾಯುವ ಈ ಎಚ್ಚರವೂ ಸೇರಿದೆ.

ಹೀಗೆ ಕುಲದ ಸ್ವತ್ತಾಗಿ ಕಾಯ್ದುಕೊಂಡ ಮೂಲನಿವಾಸಿ ವಿನ್ಯಾಸಗಳನ್ನು ಅನುಮತಿಯಿಲ್ಲದೆ ನಕಲು ಮಾಡಿ ನೇಯಿಸಿದ ನೆಲಹಾಸುಗಳ ವಿರುದ್ಧ ಕಲಾವಿದರು ಹೂಡಿದ ದಾವೆಯಲ್ಲಿ ಫೆಡರಲ್ ನ್ಯಾಯಾಲಯವು 1994ರಲ್ಲಿ ಪರಿಹಾರ ವಿಧಿಸಿತು.

1992ರ ಮಾಬೊ ತೀರ್ಪು ಆಸ್ಟ್ರೇಲಿಯವು ಯಾರದೂ ಅಲ್ಲದ ನೆಲವಾಗಿತ್ತೆಂಬ ವಾದವನ್ನು ತಳ್ಳಿಹಾಕಿದ ಮೇಲೆ ಚಿತ್ರಗಳು ಸಾಕ್ಷ್ಯಗಳಾಗಿಯೂ ಬಳಕೆಗೆ ಬಂದವು. ಗ್ರೇಟ್ ಸ್ಯಾಂಡಿ ಮರುಭೂಮಿಯ ಜನರು 1997ರಲ್ಲಿ ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲದ ‘ಙುರ್ರರ’ ಕ್ಯಾನ್ವಾಸನ್ನು ಒಟ್ಟಾಗಿ ರಚಿಸಿ, ಅದನ್ನು ನೆಲದ ಮೇಲೆ ಹಾಸಿ, ತಂತಮ್ಮ ಬತ್ತದ ನೀರುಗುಂಡಿಯನ್ನು ಬರೆದಿದ್ದ ಭಾಗದ ಮೇಲೆ ಒಬ್ಬೊಬ್ಬರಾಗಿ ನಿಂತು, ತಮ್ಮ ಭಾಷೆಯಲ್ಲೇ ನ್ಯಾಯಮಂಡಳಿಯ ಮುಂದೆ ಹಕ್ಕನ್ನು ಮಂಡಿಸಿದರು. 2007ರಲ್ಲಿ ಅವರ ಹಕ್ಕಿಗೆ ಮಾನ್ಯತೆ ದೊರೆಯಿತು. ಇತ್ತ ಆರ್ನ್‌ಹೆಮ್ ಲ್ಯಾಂಡಿನ ಬ್ಲೂ ಮಡ್ ಕೊಲ್ಲಿಯ ಪವಿತ್ರ ಮೊಸಳೆನೆಲೆಯೊಂದರಲ್ಲಿ ಅಕ್ರಮ ಮೀನುಗಾರರು ಕಡಿದೆಸೆದ ಮೊಸಳೆಯ ತಲೆ 1996ರಲ್ಲಿ ಕಂಡುಬಂದಾಗ, ಯೋಲ್ಙು ಕಲಾವಿದರು ಉಪ್ಪುನೀರಿನ ಪ್ರದೇಶದ ಕುಲನಿಯಮಗಳನ್ನು ಹೊರಜಗತ್ತಿಗೆ ತಿಳಿಸಲೆಂದು 80 ತೊಗಟೆಚಿತ್ರಗಳನ್ನು ಬರೆದರು. ಕೊಲ್ಲಿಯ ಸಂಬಂಧವಾಗಿ ಅವರು ನಡೆಸಿದ ದಾವೆಯಲ್ಲಿ ಹೈಕೋರ್ಟ್ 2008ರಲ್ಲಿ, ಮೂಲನಿವಾಸಿ ನೆಲದ ಅಂಚಿನಲ್ಲಿ ಭರತ ಇಳಿತಗಳ ನಡುವೆ ಬರುವ ನೀರಿನಲ್ಲಿ ಮೀನು ಹಿಡಿಯಲು ಆ ನೆಲದವರ ಅನುಮತಿ ಬೇಕೆಂದು ತೀರ್ಪು ನೀಡಿತು.